ಮೂಕಿ ಭಾರದ ದೋಣಿ

ಅಮೆರಿಕದ ಮಿನ್ನೆಸೋಟದವರು ತಮ್ಮದು 10,000 ಸರೋವರಗಳ ನಾಡೆಂದು ವಾಹನದ ನಂಬರ್ ಪ್ಲೇಟಿನಲ್ಲೇ ಬರೆದುಕೊಂಡಿದ್ದಾರೆ. ಅಷ್ಟು ನೀರಿದ್ದೂ ಅಲ್ಲಿನ ಎಷ್ಟೋ ಮೀನುದೋಣಿಗಳು ಆಯುಷ್ಯದ ಬಹುಪಾಲು ಕಳೆಯುವುದು ಮನೆಯಂಗಳದಲ್ಲಿ, ಟ್ರೇಲರಿನ ಮೇಲೆ. ದೊಡ್ಡ ಪಿಕಪ್ ಇದ್ದವರಿಗೆ ಹಿಂದೊಂದು ದೋಣಿ ಬರುತ್ತಿದೆ ಅನ್ನುವುದೇ ಮರೆತುಹೋಗಬಹುದು. ಫೋರ್ಡ್ ಮ್ಯಾವರಿಕ್‌ನಂಥ ಪುಟ್ಟದಕ್ಕೆ ಆ ಸುಖವಿಲ್ಲ. ಅದರ ಉದ್ದ 16 ಅಡಿ ಚಿಲ್ಲರೆ, ಹಿಂದಿನ ದೋಣಿಯದೂ ಅಷ್ಟೇ.

ಹೆಚ್ಚು ಭಾರ ಎಳೆಯಲೆಂದು ಕಂಪನಿ ಕೊಡುವ ಟೋಯಿಂಗ್ ಪ್ಯಾಕೇಜ್ ಇಲ್ಲದ ಮ್ಯಾವರಿಕ್ ಎಳೆಯಬಹುದಾದ್ದು 2,000 ಪೌಂಡ್. ಅಲ್ಯುಮಿನಿಯಂ ದೋಣಿ ಬರಿದೇ 600 ಎಂದಿಟ್ಟುಕೊಳ್ಳಿ. 40 ಅಶ್ವಶಕ್ತಿಯ ಎಂಜಿನ್ 200 ದಾಟುತ್ತದೆ, ಟ್ರೇಲರ್ 500ರ ಹತ್ತಿರ, ಎರಡು ಬ್ಯಾಟರಿ 100, ಆರು ಗ್ಯಾಲನ್ ಪೆಟ್ರೋಲ್ 37. ಲಂಗರು, ಹಗ್ಗ, ಐಸ್ ಪೆಟ್ಟಿಗೆ ಸೇರಿದರೆ 1,600 ಆಗಿಯೇ ಹೋಯಿತು.

ಎಳೆಯುವುದೇನೋ ಎಳೆಯುತ್ತದೆ. ತಕರಾರು ಬರುವುದು ಭಾರ ಎಲ್ಲಿ ಕೂತಿದೆ ಎಂಬಲ್ಲಿ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲು ಜಜ್ಜುತ್ತದೆ. ಟ್ರೇಲರಿನ ಮೂಕಿಯ ಮೇಲೆ ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಅಂದರೆ ಇಲ್ಲಿ 160 ಪೌಂಡ್, ಕೂರಬೇಕು. ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡಿಟ್ಟು, ಮೂಕಿಯನ್ನು ಪಿಕಪ್ಪಿನ ಹಿಂದಿನ ಕೊಂಡಿಯಾದ ಹಿಚ್‌ನ ಎತ್ತರಕ್ಕೇ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಕಡಿಮೆ ಬಂದರೆ, ದೋಣಿಯ ಮೂತಿಯನ್ನು ಪಟ್ಟಿಯಿಂದ ಎಳೆದು ಹಿಡಿಯುವ ರಾಟೆಯ (ವಿಂಚ್) ಕಂಬವನ್ನು ಸ್ವಲ್ಪ ಮುಂದೆ ಸರಿಸಿ ದೋಣಿಯನ್ನೂ ಮುಂದೆ ತರಬೇಕು. ಹಿಂದೆ ತುರುಕಿದ ಐಸ್ ಪೆಟ್ಟಿಗೆಯನ್ನು ಮುಂದಿಟ್ಟರೂ ಎಷ್ಟೋ ಸರಿಹೋಗುತ್ತದೆ. ಹಿಂಭಾರದಲ್ಲೇ ಹೆದ್ದಾರಿಗೆ ಹೋದರೆ ವೇಗ ಏರಿದಂತೆ ದೋಣಿ ಎಡಕ್ಕೂ ಬಲಕ್ಕೂ ತೂಗತೊಡಗುತ್ತದೆ. ಆಗ ಬ್ರೇಕ್ ಒತ್ತಿದಿರೋ, ಕೆಟ್ಟಿರಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗ್ ನೆಟ್ಟಗೆ ಹಿಡಿದಿರಬೇಕು.

ಹಿಚ್‌ನ ಗುಂಡಿನದೊಂದು ಕಪಟ. ಮೂಕಿಯ ತುದಿಯಲ್ಲಿ ಗುಂಡನ್ನು ಕಚ್ಚುವ 2 ಇಂಚಿನ ಕಪ್ಲರಿನೊಳಗೆ 1⅞ ಇಂಚಿನ ಗುಂಡು ಸಲೀಸಾಗಿ ಕೂರುತ್ತದೆ, ಚಿಲಕವೂ ಬೀಳುತ್ತದೆ. ಮೊದಲ ಹಳ್ಳ ಸಿಕ್ಕಾಗ ಕಳಚಿಕೊಳ್ಳುತ್ತದೆ. ಗುಂಡಿನ ತಲೆಯ ಮೇಲೆ ಅಳತೆ ಕೆತ್ತಿರುತ್ತದೆ, ಬಗ್ಗಿ ಓದಬೇಕಷ್ಟೆ. ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರಕ್ಕೆ ಹಾಕುವುದೂ ಇದಕ್ಕೇ. ಕಳಚಿದ ಮೂಕಿ ರಸ್ತೆಗೆ ನಾಟದೆ ಆ ತೊಟ್ಟಿಲಲ್ಲಿ ಬೀಳುತ್ತದೆ.

ಬೇರಿಂಗ್‌ಗಳಷ್ಟು ಅಲಕ್ಷ್ಯಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ. ಟ್ರೇಲರಿನ ಗಾಲಿ ಚಿಕ್ಕದು, ಪಿಕಪ್ಪಿನದಕ್ಕಿಂತ ಹೆಚ್ಚು ಸುತ್ತುತ್ತದೆ, ಬೇರಿಂಗ್ ಕೂತ ನಡುವಿನ ಗುಂಬ, ಅಂದರೆ ಹಬ್, ಕಾಯುತ್ತದೆ. ಕಾದ ಹಬ್ಬನ್ನು ಸೀದಾ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರು ಹೀರುತ್ತದೆ. ಗ್ರೀಸ್ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ತಲುಪಿದ ಮೇಲೆ ಹಬ್ಬಿನ ಮೇಲೆ ಅಂಗೈ ಇಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ರಿಪೇರಿಯ ಹೊತ್ತು. ಹಾಗೆಂದು ಗ್ರೀಸ್ ಗನ್ನಿನಿಂದ ಸಿಕ್ಕಾಪಟ್ಟೆ ತುಂಬಿದರೆ ಹಿಂದಿನ ಸೀಲೇ ಕಿತ್ತುಬರುತ್ತದೆ.

ಹಿಂದಕ್ಕೆ ಬಿಡುವಾಗ ಸ್ಟಿಯರಿಂಗಿನ ತಳಭಾಗ ಹಿಡಿಯಿರಿ. ಕೈ ಯಾವ ಕಡೆಗೋ ಟ್ರೇಲರ್ ಆ ಕಡೆಗೇ. ನೀರಿಗಿಳಿಸುವ ಮೊದಲು ದೀಪದ ಪ್ಲಗ್ ಕಳಚಿ. ಕಾದ ಬಲ್ಬಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ. ಎಂಜಿನ್ ಮುಂದಿನ ಗಾಲಿಗಳನ್ನು ಮಾತ್ರ ತಿರುಗಿಸುವ ಪಿಕಪ್ಪಿಗೆ ಪಾಚಿಗಟ್ಟಿದ ಇಳಿಜಾರಿನಲ್ಲಿ ಪೇಚಾಟವೇ, ಏಕೆಂದರೆ ಭಾರವೆಲ್ಲ ಹಿಂದಕ್ಕೆ ಜರುಗಿ ಮುಂದಿನ ಗಾಲಿಗೆ ಹಿಡಿತವೇ ಇರುವುದಿಲ್ಲ. ದೋಣಿ ತೇಲುವವರೆಗೂ ವಿಂಚ್ ಪಟ್ಟಿ ಬಿಚ್ಚಬಾರದು. ದೋಣಿ ಉರುಳೆಗಳ ಮೇಲೆ ಕೂರುವ ರೋಲರ್ ಟ್ರೇಲರಾದರೆ ಕಾಂಕ್ರೀಟಿನ ಮೇಲೇ ಜಾರಿಬೀಳಬಹುದು.

ಇನ್ನು ಒಳಗಿನ ನೀರು ಹೊರಬಿಡುವ, ದೋಣಿಯ ತಳದ ಬಿರಡೆ. ಜೀಬ್ರಾ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಿರಲೆಂದು ಅದನ್ನು ಕಿತ್ತೇ ರಸ್ತೆಗಿಳಿಯಬೇಕೆಂಬುದು ಮಿನ್ನೆಸೋಟದ ಕಾನೂನು. ಮರಳಿ ಹಾಕಲು ಮಾತ್ರ ಯಾವ ಕಾನೂನೂ ನೆನಪಿಸುವುದಿಲ್ಲ. ದೀಪದ ಪ್ಲಗ್ಗಿಗೆ ನೇತುಹಾಕಿಟ್ಟರೆ, ನೀರಿಗಿಳಿಸುವ ಮೊದಲು ಪ್ಲಗ್ ಕಳಚಲು ಹೋದ ಕೈಗೆ ಬಿರಡೆ ಮೊದಲು ತಾಗುತ್ತದೆ.