ಮೂರನೇ ಚಕ್ರದ ಹಟ

ಹಳೇ ಬೈಕಿಗೆ ಸೈಡ್‌ಕಾರ್ ಕಟ್ಟಲು ಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಸೀಟಿನ ಬಣ್ಣದ ಬಗ್ಗೆ. ಆಮೇಲೆ ಮುಂದಿನ ಗಾಜು, ಅದರ ಮೇಲೊಂದು ಸ್ಟಿಕರ್. ಅಳತೆಯ ಟೇಪು ನೆನಪಾಗುವುದು ಗಾಡಿ ರಸ್ತೆಗಿಳಿದು, ನೇರ ಹೋಗಲು ಒಲ್ಲೆನೆಂದು ಚರಂಡಿಯತ್ತ ಮುಖ ಮಾಡಿದಾಗ. ಕೂರುವ ಡಬ್ಬ ಹೇಗಿದ್ದರೂ ನಡೆಯುತ್ತದೆ. ಅದನ್ನು ಬೈಕಿಗೆ ಎಷ್ಟು ಮಿಲಿಮೀಟರ್ ಓರೆಗೆ ತಗುಲಿಸಿದ್ದೀರಿ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅದಕ್ಕೂ ಮೊದಲು ಬೈಕಿನ ಆರೋಗ್ಯ. ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು) ಇರುವ ಹಳೇ ಎಂಜಿನ್ನಾದರೆ ಅದು ತೆರೆದಾಗಿನ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ. ಇದನ್ನು ಫೀಲರ್ ಗೇಜಿನಿಂದಲೇ, ಅಂದರೆ ದಪ್ಪ ನಮೂದಿಸಿದ ತೆಳು ಉಕ್ಕಿನ ಪಟ್ಟಿಗಳಿಂದಲೇ, ನೋಡಬೇಕು. ಹಲವರು ವಿಸಿಟಿಂಗ್ ಕಾರ್ಡ್ ತೂರಿಸಿ ‘ಸರಿಯಾಗಿದೆ’ ಅನ್ನುತ್ತಾರೆ, ಕಾರ್ಡಿನ ದಪ್ಪ ಯಾರಿಗೂ ಗೊತ್ತಿರುವುದಿಲ್ಲ. ಪಾಯಿಂಟನ್ನು ತೆರೆಸುವ ಫೈಬರ್ ಹಿಮ್ಮಡಿ ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗಿ ಬೀಳುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಒಬ್ಬರೇ ಓಡಾಡುವಾಗ ಇದು ಗಮನಕ್ಕೇ ಬರುವುದಿಲ್ಲ. ಪಕ್ಕದಲ್ಲಿ ನೂರು ಕಿಲೋ ಸೇರಿಸಿ ಏರು ಹತ್ತಿಸಿದಾಗ ತಾನೇ ಗೊತ್ತಾಗುತ್ತದೆ. ಈ ಭಾರಕ್ಕಾಗಿ ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಎಳೆಯುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಇರುವುದನ್ನು ಹಾಕುವುದು ಒಳ್ಳೆಯದು. ವೇಗ ತುಸು ಹೋಗುತ್ತದೆ, ಕ್ಲಚ್ ಪ್ಲೇಟುಗಳು ಉಳಿಯುತ್ತವೆ.

ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ನೋಡಿ. ‘ಟಿಣ್’ ಅಂದರೆ ಸರಿ, ‘ಟುಪ್’ ಅಂದರೆ ಸಡಿಲ. ಬೈಕು ತಿರುವಿನಲ್ಲಿ ವಾಲುವುದರಿಂದ ಚಕ್ರಕ್ಕೆ ಅಡ್ಡಬಲ ಕಡಿಮೆ. ಸೈಡ್‌ಕಾರ್ ಹಾಕಿದ ಮೇಲೆ ವಾಲುವ ಮಾತೇ ಇಲ್ಲ, ಅಡ್ಡಬಲವನ್ನೆಲ್ಲ ಸ್ಪೋಕೇ ತಿನ್ನಬೇಕು. ಮುಂದಿನ ಚಕ್ರ ಎತ್ತಿ ಫೋರ್ಕನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲ್ ಬೇರಿಂಗಿನಲ್ಲಿ ‘ಕಟ್’ ಎಂಬ ಸದ್ದು ಬಂದರೆ ಮುಂದಿನ ಕೆಲಸಕ್ಕೆ ಕೈಹಾಕಬೇಡಿ.

ಇನ್ನು ಜೋಡಣೆ. ನಾಲ್ಕು ಕಡೆ ಹಿಡಿತ ಬೇಕು: ಕೆಳಗಿನ ಎರಡು ಭಾರ ಹೊರಲು, ಮೇಲಿನ ಎರಡು ಬೈಕಿನ ವಾಲಿಕೆ ಹೊಂದಿಸಲು. ವೆಲ್ಡಿಂಗ್ ಮೆಷಿನ್ ಕೈಗೆ ಸಿಕ್ಕಿದವರಿಗೆ ಲೋಕವೆಲ್ಲ ಬೆಸೆಯಬಹುದಾದ ವಸ್ತುವಾಗಿ ಕಾಣುತ್ತದೆ. ಬೈಕಿನ ಫ್ರೇಮನ್ನು ಮಾತ್ರ ಬಿಟ್ಟುಬಿಡಿ. ತೆಳು ಪೈಪಿನ ಮೇಲೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಎರಡು ಹೋಳಿನ ಕ್ಲ್ಯಾಂಪ್ ಮಾಡಿಸಿ. ಬಿಗಿದ ಮೇಲೂ ಹೋಳುಗಳ ನಡುವೆ ಒಂದೆರಡು ಮಿ.ಮೀ. ಸಂದು ಉಳಿಯಬೇಕು, ಎರಡೂ ಕಚ್ಚಿಕೊಂಡರೆ ಅವು ಒಂದನ್ನೊಂದು ಹಿಡಿದಿರುತ್ತವೆ, ಪೈಪನ್ನಲ್ಲ. ಕ್ಲ್ಯಾಂಪ್ ಕೂರುವ ಜಾಗದ ಬಣ್ಣ ಕೆರೆದುಬಿಡಿ. ದಪ್ಪ ಬಣ್ಣ ಒತ್ತಡಕ್ಕೆ ನಲುಗಿ, ಬೋಲ್ಟ್ ತಿರುಗದಿದ್ದರೂ ಹಿಡಿತ ಸಡಿಲವಾಗುತ್ತದೆ.

ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕೆ ಸರಿಸಮ ಇರಬಾರದು, 15ರಿಂದ 25 ಸೆಂ.ಮೀ. ಮುಂದಿರಬೇಕು. ಸರಿಸಮ ಇಟ್ಟರೆ ನೋಡಲು ಚೆಂದ. ತಿರುವಿನಲ್ಲಿ ಡಬ್ಬದ ಮೂತಿ ನೆಲ ಮೂಸುತ್ತದೆ. ಆಮೇಲೆ ಟೋ-ಇನ್, ಅಂದರೆ ಸೈಡ್‌ಕಾರಿನ ಚಕ್ರದ ಮುಂಭಾಗ ಬೈಕಿನತ್ತ ತುಸು ಓರೆಯಾಗಿರುವುದು. ಸಮತಟ್ಟಾದ ನೆಲದ ಮೇಲೆ ಬೈಕಿನ ಎರಡು ಟಯರಿಗೆ ತಾಗಿಸಿ ಒಂದು ನೇರ ಅಲ್ಯುಮಿನಿಯಂ ಪಟ್ಟಿ, ಸೈಡ್‌ಕಾರಿನ ಟಯರಿಗೆ ಇನ್ನೊಂದು. ಪಟ್ಟಿಗಳ ನಡುವಿನ ಅಂತರ ಹಿಂದಿಗಿಂತ ಮುಂದೆ 10ರಿಂದ 20 ಮಿ.ಮೀ. ಕಡಿಮೆ ಇರಲಿ. ಜಾಸ್ತಿಯಾದರೆ ಟಯರ್ ರಸ್ತೆಯನ್ನು ಕೆರೆಯುತ್ತಲೇ ಓಡುತ್ತದೆ, ತೀರಾ ಕಡಿಮೆಯಾದರೆ ಗಾಡಿ ಸೈಡ್‌ಕಾರಿನ ಕಡೆ ಎಳೆಯುತ್ತದೆ. ಬೈಕಿನ ತಲೆ ಸೈಡ್‌ಕಾರಿನಿಂದ ಒಂದೆರಡು ಡಿಗ್ರಿ ಆಚೆಗೆ ವಾಲಿರಬೇಕು. ಇದನ್ನು ಅಳೆಯುವಾಗ ಓಡಿಸುವವರ ತೂಕ ಸೀಟಿನ ಮೇಲಿರಬೇಕು; ಸಾಮಾನ್ಯವಾಗಿ ಟೇಪು ಹಿಡಿದವರೂ ಅವರೇ ಆಗಿರುವುದರಿಂದ ಒಬ್ಬ ನೆರೆಯವರಿಗೆ ಸಂಜೆ ಹಾಳು. ವಾಲಿಕೆ ಸರಿಮಾಡಿದರೆ ಟೋ-ಇನ್ ಹೋಗುತ್ತದೆ, ಟೋ-ಇನ್ ಸರಿಮಾಡಿದರೆ ವಾಲಿಕೆ. ಸರದಿಯ ಮೇಲೆ ಎರಡನ್ನೂ ಓಲೈಸುತ್ತಿರಬೇಕು.

ಓಡಿಸುವುದು ಬೇರೆಯೇ ವಿದ್ಯೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಡಬ್ಬದ ಕಡೆ ತಿರುಗುತ್ತದೆ. ಮೂರನೇ ಚಕ್ರಕ್ಕೆ ಬ್ರೇಕಿಲ್ಲದಿದ್ದರೆ, ಬ್ರೇಕ್ ಹಿಡಿದಾಗ ಅದರ ವಿರುದ್ಧ ದಿಕ್ಕಿಗೆ. ಮೈ ವಾಲಿಸಿದರೆ ಬೈಕು ಕೇಳುವುದಿಲ್ಲ, ಹ್ಯಾಂಡಲ್ ತೋಳುಬಲದಿಂದಲೇ ತಿರುಗಬೇಕು. ನಿಧಾನ ವೇಗದಲ್ಲಿ ಹ್ಯಾಂಡಲ್ ತಲೆಯಾಡಿಸತೊಡಗಿದರೆ ಆ ಅಲುಗಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಬೇಕೆಂದು ಅರ್ಥ. ಸಿಗ್ನಲ್ಲಿನಲ್ಲಿ ನಿಂತಾಗ ಅಭ್ಯಾಸಬಲದಿಂದ ಡಬ್ಬದ ಕಡೆಯ ಕಾಲು ಊರಬೇಡಿ. ಅಲ್ಲಿ ಕಾಯುತ್ತಿರುವುದು ಕಬ್ಬಿಣದ ಅಡ್ಡಪಟ್ಟಿ.

ಡಬ್ಬದ ಕಡೆಗೇ ತಿರುಗುವಾಗ, ಅದು ಖಾಲಿಯಿದ್ದರೆ, ಚಕ್ರ ಗಾಳಿಗೆ ಏಳುತ್ತದೆ. ಎದ್ದ ಕೂಡಲೇ ಆಕ್ಸಿಲರೇಟರ್ ಇಳಿಸಿ, ಹ್ಯಾಂಡಲ್ ತುಸು ನೇರ ಮಾಡಿ. ಕಲಿಯುವ ದಿನಗಳಲ್ಲಿ 30–40 ಕಿಲೋ ಮರಳಿನ ಮೂಟೆ ಕಟ್ಟಿಕೊಂಡು ಖಾಲಿ ಮೈದಾನದಲ್ಲೇ ತಿರುಗಿ. ಮನೆಯವರನ್ನು ಕೂರಿಸಿಕೊಳ್ಳುವ ಉತ್ಸಾಹ ಬೇಡ. ಚಕ್ರ ಎದ್ದಾಗ ಮೂಟೆ ಕಿರುಚುವುದಿಲ್ಲ, ನಿಮ್ಮ ತೋಳನ್ನೂ ಹಿಡಿದೆಳೆಯುವುದಿಲ್ಲ. ಮೊದಲ 50 ಕಿ.ಮೀ. ಆದ ಮೇಲೆ ನಾಲ್ಕೂ ಕ್ಲ್ಯಾಂಪಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮೂಟೆ ಇಳಿಸುವ ಮಾತು ಆಮೇಲೆ.