ಲೂಸಿಲ್ ಬಾಲ್ ಹೆಂಗಸರಿಗೆ ದಾರಿ ತೆರೆದರೇ? ಪರ-ವಿರೋಧ

1951ರ ಅಕ್ಟೋಬರ್ 15ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಐ ಲವ್ ಲೂಸಿ’ ಶುರುವಾಯಿತು. ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟು. ಗಂಡ ರಿಕಿ ರಿಕಾರ್ಡೊ, ಕ್ಯೂಬಾದಿಂದ ಬಂದು ಬ್ಯಾಂಡ್ ನಡೆಸುವವನು. ಹೆಂಡತಿ ಲೂಸಿ, ಹೇಗಾದರೂ ಮಾಡಿ ತಾನೂ ಸ್ಟೇಜ್ ಹತ್ತಬೇಕು ಅಂತ ಹಟ ಹಿಡಿದವಳು. ಅದೇ ಕಟ್ಟಡದಲ್ಲಿ ಮನೆ ಮಾಲೀಕರಾದ ಫ್ರೆಡ್ ಮತ್ತು ಎಥೆಲ್. ಇಷ್ಟೇ ಜನ, ಇಷ್ಟೇ ಜಾಗ. 1957ರವರೆಗೆ 180 ಕಂತುಗಳು ಬಂದವು.

ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್ ಅವರನ್ನು ಟಿವಿ ಹಾಸ್ಯದಲ್ಲಿ ಹೆಂಗಸರಿಗೆ ದಾರಿ ತೆರೆದವರು ಅಂತ ಕರೆಯುವುದು ರೂಢಿ. ಆದರೆ ಅವರ ಲೂಸಿ ವಾರವಾರವೂ ಸೋತು, ಗಂಡನ ಹತ್ತಿರ ಬೈಸಿಕೊಂಡು, ಅಡುಗೆಮನೆಗೆ ವಾಪಸ್ ಬರುತ್ತಿದ್ದಳಲ್ಲ? ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏನು ಹೇಳಬೇಕು?

ಪರ: ತೆರೆದರು, ಮೈಮುರಿದು ದುಡಿದು ತೆರೆದರು

ಲೂಸಿಲ್ ಬಾಲ್ ಅವರಿಗೆ ಹೆಸರು ಬಂದದ್ದು ತಡವಾಗಿ. ಹುಟ್ಟಿದ್ದು 1911ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ಟೈಫಾಯ್ಡ್‌ನಿಂದ ತೀರಿಕೊಂಡರು. ಹದಿಹರೆಯದಲ್ಲಿ ನಾಟಕ ಶಾಲೆಗೆ ಸೇರಿದರೆ, ಈ ಹುಡುಗಿಗೆ ಇದು ಆಗಿಬರುವುದಿಲ್ಲ ಅಂತ ಶಾಲೆಯವರು ವಾಪಸ್ ಕಳಿಸಿದರು. ಆಮೇಲೆ ಮಾಡೆಲಿಂಗ್, ಆಮೇಲೆ ಹಾಲಿವುಡ್ಡಿನಲ್ಲಿ ಚಿಕ್ಕಪುಟ್ಟ ಪಾತ್ರಗಳು. ಕಡಿಮೆ ಖರ್ಚಿನ ಸಿನಿಮಾಗಳಲ್ಲಿ ಎಷ್ಟು ನಟಿಸಿದರೆಂದರೆ ‘ಬಿ ಚಿತ್ರಗಳ ರಾಣಿ’ ಅಂತಲೇ ಹೆಸರು ಬಿತ್ತು. ಚೆಂದ ಇದ್ದರು, ಹಾಗಾಗಿ ಚೆಂದದ ಪಾತ್ರಗಳೇ ಸಿಕ್ಕವು. ಬೀಳುವುದು, ಏಳುವುದು, ಮುಖಕ್ಕೆ ಬಡಿಸಿಕೊಳ್ಳುವುದು ಆಗ ಹೆಚ್ಚಾಗಿ ಗಂಡಸರ ಹಾಸ್ಯ.

ಇವರೊಳಗೆ ಆ ಹಾಸ್ಯ ಇದೆ ಅಂತ ಗುರುತಿಸಿದವರಲ್ಲಿ ಒಬ್ಬರು ಬಸ್ಟರ್ ಕೀಟನ್, ಮೂಕಿ ಸಿನಿಮಾ ಕಾಲದ ಬಹುದೊಡ್ಡ ಹಾಸ್ಯಗಾರ. ಎಂಜಿಎಂ ಸ್ಟುಡಿಯೋದಲ್ಲಿ ಇಬ್ಬರೂ ಇದ್ದಾಗ, ಕೈಯಲ್ಲಿರುವ ವಸ್ತುವಿನಿಂದ ನಗು ಹುಟ್ಟಿಸುವುದು ಹೇಗೆ ಅಂತ ಲೂಸಿಲ್ ಕೀಟನ್ ಅವರಿಂದ ಕಲಿತರು. ಆ ಪಾಠ ಎಲ್ಲಿ ಕೆಲಸಕ್ಕೆ ಬಂತು ಅಂತ ನೋಡಬೇಕಾದರೆ 1952ರ ಟಾನಿಕ್ ಕಂತು ನೋಡಬೇಕು.

ಲೂಸಿ ಟಿವಿ ಜಾಹೀರಾತಿನಲ್ಲಿ ಒಂದು ಟಾನಿಕ್ ಮಾರಬೇಕು. ಅದರ ಹೆಸರೇ ನಾಲಿಗೆ ತೊಡರಿಸುವಂಥದ್ದು, ವೈಟಮೀಟವೆಜಮಿನ್. ಅದರಲ್ಲಿ ಶೇಕಡಾ 23ರಷ್ಟು ಮದ್ಯ ಇದೆ, ಅದು ಅವಳಿಗೆ ಗೊತ್ತಿಲ್ಲ. ತಾಲೀಮಿಗಾಗಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಬೇಕು, ಪ್ರತಿ ಸಲವೂ ಒಂದು ಚಮಚ ಕುಡಿದು ‘ಆಹಾ, ಎಂಥ ರುಚಿ’ ಅನ್ನಬೇಕು. ಮೊದಲ ಚಮಚಕ್ಕೆ ಮುಖವೆಲ್ಲ ಹಿಂಡಿಹೋಗುತ್ತದೆ. ಆದರೂ ನಗಬೇಕಲ್ಲ, ತುಟಿ ನಗುತ್ತದೆ, ಕಣ್ಣು ಅಳುತ್ತದೆ. ಇನ್ನೆರಡು ಸಲ ಆಗುವಷ್ಟರಲ್ಲಿ ರುಚಿ ಹತ್ತಿದೆ. ಆಮೇಲೆ ಒಂದೊಂದೇ ಪದ ಜಾರುತ್ತಾ ಹೋಗುತ್ತದೆ. ಚಮಚಕ್ಕೆ ಅಂತ ಸುರಿದದ್ದು ಮೇಜಿನ ಮೇಲೆ ಬೀಳುತ್ತದೆ. ಕುಡಿದವರ ಪಾತ್ರ ಮಾಡುವವರು ಸಾಮಾನ್ಯವಾಗಿ ಶುರುವಿನಲ್ಲೇ ತೂರಾಡಿಬಿಡುತ್ತಾರೆ. ಲೂಸಿಲ್ ಒಂದು ಅಕ್ಷರವನ್ನೂ ಅವಸರದಲ್ಲಿ ಬಿಟ್ಟುಕೊಡುವುದಿಲ್ಲ. ಪ್ರತಿ ಸಲದ ಮಾತೂ ಹಿಂದಿನದಕ್ಕಿಂತ ಸ್ವಲ್ಪವೇ ಸಡಿಲ. ಇದು ಸುಮ್ನೆ ಬರುವುದಿಲ್ಲ. ತಾಲೀಮಿನಲ್ಲಿ ಅವರು ಎಷ್ಟು ಕಟ್ಟುನಿಟ್ಟು ಅಂತ ಜೊತೆಗಿದ್ದವರೆಲ್ಲ ಹೇಳಿದ್ದಾರೆ.

ಲೂಸಿ ಸೋಲುತ್ತಾಳೆ ಅನ್ನುವವರು ಇದನ್ನು ಗಮನಿಸಬೇಕು. ಸೋಲುವುದು ಪಾತ್ರ. ಆ ಸೋಲನ್ನು ಅಷ್ಟು ನಿಖರವಾಗಿ ಕಟ್ಟಿದ ಹೆಂಗಸು ಯಾವ ಗಂಡಸು ಹಾಸ್ಯಗಾರನಿಗೂ ಕಡಿಮೆಯಿಲ್ಲ ಅಂತ ಇಡೀ ದೇಶ ಕಣ್ಣಾರೆ ಕಂಡಿತು. ಅಲ್ಲದೆ ಲೂಸಿ ಪೆದ್ದಿಯೂ ಅಲ್ಲ. ಅವಳಿಗೆ ಬೇಕಾದದ್ದು ಒಂದು ಕೆಲಸ, ಕೈಯಲ್ಲಿ ನಾಲ್ಕು ಕಾಸು, ಜನರ ಮುಂದೆ ನಿಲ್ಲುವ ಅವಕಾಶ. ಮನೆಯಲ್ಲೇ ಇದ್ದು ಸುಖವಾಗಿರಿ ಅಂತ ಹೆಂಗಸರಿಗೆ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ನನಗೆ ಇಷ್ಟು ಸಾಲದು ಅಂತ ಒಬ್ಬಳು ವಾರವಾರ ಟಿವಿಯಲ್ಲಿ ಹೇಳುತ್ತಿದ್ದಳು. ಇವತ್ತು ಸೋತರೆ ಮುಂದಿನ ಸೋಮವಾರ ಮತ್ತೆ ಹೊರಡುತ್ತಿದ್ದಳು.

ಈಗ ಕ್ಯಾಮೆರಾದ ಹಿಂದಕ್ಕೆ ಹೋಗೋಣ. ನಿಜ ಜೀವನದಲ್ಲಿ ಲೂಸಿಲ್ ಅವರ ಗಂಡ ಡೆಸಿ ಅರ್ನಾಜ್. 1940ರಲ್ಲಿ ಮದುವೆಯಾಗಿದ್ದರು. ಅಮೆರಿಕದ ಹೆಣ್ಣಿಗೆ ಕ್ಯೂಬಾದ ಗಂಡ ಅಂದರೆ ಜನ ಒಪ್ಪುವುದಿಲ್ಲ ಅಂತ ವಾಹಿನಿಯವರು ಹಿಂದೆಮುಂದೆ ನೋಡಿದರು. ಡೆಸಿ ಇಲ್ಲದಿದ್ದರೆ ಕಾರ್ಯಕ್ರಮವೇ ಬೇಡ ಅಂತ ಲೂಸಿಲ್ ಪಟ್ಟು ಹಿಡಿದರು. 1950ರಲ್ಲಿ ಇಬ್ಬರೂ ಊರೂರು ತಿರುಗಿ ಸ್ಟೇಜ್ ಶೋ ಕೊಟ್ಟರು. ಜನ ಬಿದ್ದೂಬಿದ್ದೂ ನಕ್ಕರು. ವಾಹಿನಿ ಒಪ್ಪಿತು.

ಮುಂದಿನ ಜಗಳ ಇನ್ನೂ ದೊಡ್ಡದು. ಆಗ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೇಶದ ಉಳಿದ ಕಡೆಗೆ ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಹಿಡಿದ ಮಸುಕು ಪ್ರತಿ ಹೋಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹಾಲಿವುಡ್ ಬಿಟ್ಟು ಬರುವುದಿಲ್ಲ, ಸಿನಿಮಾದ ಹಾಗೆ ಫಿಲ್ಮಿನಲ್ಲೇ ಚಿತ್ರೀಕರಿಸುತ್ತೇವೆ ಅಂದರು. ಮೂರು ಕ್ಯಾಮೆರಾ, ಎದುರಿಗೆ ನಿಜವಾದ ಪ್ರೇಕ್ಷಕರು. ಖರ್ಚು ಜಾಸ್ತಿ ಆಗುತ್ತದೆ ಅಂದಾಗ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಬದಲಿಗೆ ಫಿಲ್ಮುಗಳ ಒಡೆತನ ಕೇಳಿದರು. ಹಳೆಯ ಕಂತಿಗೆ ಬೆಲೆ ಬರುತ್ತದೆ ಅಂತ ಆಗ ಯಾರು ಯೋಚಿಸಿದ್ದರು? ವಾಹಿನಿ ಕೊಟ್ಟುಬಿಟ್ಟಿತು. ಆಮೇಲೆ ಅದೇ ಕಂತುಗಳನ್ನು ವಾಹಿನಿಯೇ ಲಕ್ಷಗಟ್ಟಲೆ ಡಾಲರ್ ಕೊಟ್ಟು ಕೊಂಡುಕೊಳ್ಳಬೇಕಾಯಿತು.

ಎರಡನೇ ಮಗುವಿಗೆ ಬಸುರಿಯಾದಾಗ ಲೂಸಿಲ್ ಮನೆಯಲ್ಲಿ ಕೂರಲಿಲ್ಲ. ಬಸಿರನ್ನೇ ಕತೆಯೊಳಗೆ ತಂದರು. ಹೊಟ್ಟೆ ಮುಂದೆ ಬಂದ ಹೆಂಗಸನ್ನು ಟಿವಿಯಲ್ಲಿ ತೋರಿಸುವುದಕ್ಕೆ ವಾಹಿನಿಗೆ ಎಂಥ ಅಂಜಿಕೆಯೆಂದರೆ, ಪಾದ್ರಿ, ಪ್ರಾಟೆಸ್ಟಂಟ್ ಬೋಧಕ, ಯಹೂದಿ ಧರ್ಮಗುರು ಮೂವರಿಗೂ ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ಪಡೆದರು. 1953ರ ಜನವರಿ 19ರಂದು ಲೂಸಿ ಆಸ್ಪತ್ರೆಗೆ ಹೋಗುವ ಕಂತು ಬಂತು. ಅದೇ ದಿನ ಲೂಸಿಲ್ ಅವರಿಗೆ ನಿಜವಾಗಿಯೂ ಗಂಡು ಮಗು ಹುಟ್ಟಿತು. ಆ ಕಂತನ್ನು ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಅಧಿಕಾರ ಸ್ವೀಕರಿಸುವುದನ್ನು ಟಿವಿಯಲ್ಲಿ ನೋಡಿದವರು ಅದಕ್ಕಿಂತ ಕಡಿಮೆ. ಬಸುರಿ ಹೆಂಗಸು ಕೆಲಸ ಮಾಡಬಲ್ಲಳು, ನಗಿಸಲೂ ಬಲ್ಲಳು ಅನ್ನುವುದಕ್ಕೆ ಇನ್ಯಾವ ಭಾಷಣ ಬೇಕಿತ್ತು?

ಇಬ್ಬರೂ ಸೇರಿ ಕಟ್ಟಿದ ಡೆಸಿಲು ಕಂಪನಿ 1957ರಲ್ಲಿ ಆರ್‌ಕೆಒ ಸ್ಟುಡಿಯೋವನ್ನೇ ಕೊಂಡಿತು. 1930ರ ದಶಕದಲ್ಲಿ ಲೂಸಿಲ್ ಸಂಬಳಕ್ಕೆ ದುಡಿದಿದ್ದ ಜಾಗ ಅದು! 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ಅವರೇ ಕಂಪನಿಯ ಅಧ್ಯಕ್ಷರಾದರು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋ ಒಂದನ್ನು ಒಬ್ಬ ಹೆಂಗಸು ನಡೆಸುವುದು ಆಗ ಕಂಡು ಕೇಳದ ಮಾತು. ‘ಸ್ಟಾರ್ ಟ್ರೆಕ್’ ಧಾರಾವಾಹಿ ದುಬಾರಿ ಅಂತ ಕಂಪನಿಯ ಮಂಡಳಿಯವರು ಹಿಂಜರಿದಾಗ, ಮಾಡಿ ಅಂದವರು ಲೂಸಿಲ್. ‘ಮಿಷನ್: ಇಂಪಾಸಿಬಲ್’ ಕೂಡ ಅಲ್ಲಿಂದಲೇ ಬಂತು. 1967ರಲ್ಲಿ ಕಂಪನಿಯನ್ನು 1 ಕೋಟಿ 70 ಲಕ್ಷ ಡಾಲರ್‌ಗೆ ಮಾರಿದರು.

ಬರಹಗಾರ್ತಿ ಮ್ಯಾಡಲಿನ್ ಪ್ಯೂ ಅವರನ್ನೂ ಮರೆಯಬಾರದು. ಬಾಬ್ ಕ್ಯಾರಲ್ ಮತ್ತು ಜೆಸ್ ಓಪನ್‌ಹೈಮರ್ ಜೊತೆ ಲೂಸಿಯ ಕತೆ ಬರೆದವರು ಇವರು. ಯಾವುದಾದರೂ ಸಾಹಸ ಹೆಂಗಸಿನ ಮೈಗೆ ಸಾಧ್ಯವೇ ಅನ್ನುವ ಅನುಮಾನ ಬಂದರೆ ಮೊದಲು ತಾವೇ ಮಾಡಿ ನೋಡುತ್ತಿದ್ದರು. ಬರೆದವರಲ್ಲಿ ಹೆಂಗಸು, ಆಡಿ ತೋರಿಸಿದವರು ಹೆಂಗಸು, ಮುಂದೆ ಕಂಪನಿಯ ಒಡೆಯರೂ ಹೆಂಗಸು. ಆಮೇಲೆ ಬಂದ ಕ್ಯಾರಲ್ ಬರ್ನೆಟ್ ತಮ್ಮದೇ ಹೆಸರಿನ ಹಾಸ್ಯ ಕಾರ್ಯಕ್ರಮ ನಡೆಸುವ ಹೊತ್ತಿಗೆ, ಹೆಂಗಸಿನ ಹೆಸರಲ್ಲಿ ಕಾರ್ಯಕ್ರಮ ಓಡುತ್ತದಾ ಅಂತ ಕೇಳಿದವರಿಗೆ ಉತ್ತರ ಸಿದ್ಧವಾಗಿತ್ತು.

ವಿರೋಧ: ತೆರೆದ ಬಾಗಿಲು ಪರದೆಯ ಮೇಲೆ ಕಾಣಲಿಲ್ಲ

ಲೂಸಿಲ್ ಬಾಲ್ ದೊಡ್ಡ ಕಲಾವಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ದಾರಿ ತೆರೆದವರು’ ಅನ್ನುವುದು ಬೇರೆಯೇ ಮಾತು.

ಮೊದಲು ಸರದಿ ಸರಿಮಾಡೋಣ. ‘ಐ ಲವ್ ಲೂಸಿ’ಗಿಂತ ಎರಡು ವರ್ಷಕ್ಕೂ ಮೊದಲು, 1949ರ ಜನವರಿಯಲ್ಲೇ, ‘ದಿ ಗೋಲ್ಡ್‌ಬರ್ಗ್ಸ್’ ಟಿವಿಗೆ ಬಂದಿತ್ತು. ನ್ಯೂಯಾರ್ಕಿನ ಯಹೂದಿ ಕುಟುಂಬದ ಕತೆ. ಅದನ್ನು ಹುಟ್ಟುಹಾಕಿದವರು, ಬರೆದವರು, ಅದರಲ್ಲಿ ಮಾಲಿ ಅನ್ನುವ ತಾಯಿಯ ಪಾತ್ರ ಮಾಡಿದವರು ಒಬ್ಬರೇ, ಗರ್ಟ್ರೂಡ್ ಬರ್ಗ್. 1929ರಿಂದ ರೇಡಿಯೋದಲ್ಲಿ ಸಾವಿರಾರು ಸ್ಕ್ರಿಪ್ಟ್ ಬರೆದು ಪಳಗಿದ ಕೈ. 1951ರಲ್ಲಿ ಅತ್ಯುತ್ತಮ ನಟಿಗೆ ಅಂತ ಮೊದಲ ಎಮ್ಮಿ ಪ್ರಶಸ್ತಿ ಸಿಕ್ಕಿದ್ದೂ ಅವರಿಗೇ. ಲೂಸಿಲ್ ಬೇರೆಯವರು ಬರೆದದ್ದನ್ನು ಆಡಿದರು. ಬರ್ಗ್ ತಮ್ಮ ಲೋಕವನ್ನು ತಾವೇ ಬರೆದರು. ಬಸುರಿಯ ವಿಷಯವೂ ಹಾಗೆಯೇ. ‘ಮೇರಿ ಕೇ ಅಂಡ್ ಜಾನಿ’ ಅನ್ನುವ ಧಾರಾವಾಹಿ 1948ರಲ್ಲೇ ತನ್ನ ನಟಿಯ ಬಸಿರನ್ನು ಕತೆಗೆ ಸೇರಿಸಿಕೊಂಡಿತ್ತು.

ಬರ್ಗ್ ಅವರ ಹೆಸರು ಯಾಕೆ ಮಾಸಿಹೋಯಿತು? ಅವರ ಧಾರಾವಾಹಿಯಲ್ಲಿ ಗಂಡನ ಪಾತ್ರ ಮಾಡುತ್ತಿದ್ದ ಫಿಲಿಪ್ ಲೋಬ್ ಅವರ ಹೆಸರು 1950ರಲ್ಲಿ ಕಮ್ಯುನಿಸ್ಟರು ಅನ್ನುವ ಅನುಮಾನಕ್ಕೆ ಒಳಗಾದವರ ಪಟ್ಟಿಯೊಂದರಲ್ಲಿ ಬಂತು. ತೆಗೆದುಹಾಕಿ ಅಂತ ಪ್ರಾಯೋಜಕರು ಒತ್ತಡ ತಂದರು. ಬರ್ಗ್ ಸುಲಭಕ್ಕೆ ಒಪ್ಪಲಿಲ್ಲ. ಪ್ರಾಯೋಜಕರು ಕೈಬಿಟ್ಟರು, 1951ರಲ್ಲಿ ಕಾರ್ಯಕ್ರಮ ನಿಂತಿತು. ಮುಂದಿನ ವರ್ಷ ಬೇರೆ ವಾಹಿನಿಯಲ್ಲಿ ಮತ್ತೆ ಬಂದಾಗ ಲೋಬ್ ಇರಲಿಲ್ಲ. 1955ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಲೂಸಿಲ್ ಅವರೂ 1936ರಲ್ಲಿ ಅಜ್ಜನ ಮನಸ್ಸು ನೋಯಬಾರದು ಅಂತ ಕಮ್ಯುನಿಸ್ಟ್ ಮತದಾರರಾಗಿ ಹೆಸರು ಬರೆಸಿದ್ದರು. 1953ರಲ್ಲಿ ಅದು ಹೊರಬಂತು, ವಿಚಾರಣೆಯೂ ಆಯಿತು. ಆದರೆ ದೇಶದ ನಂಬರ್ ಒನ್ ಕಾರ್ಯಕ್ರಮವನ್ನು ಕೈಬಿಡುವ ಧೈರ್ಯ ಪ್ರಾಯೋಜಕರಿಗೆ ಇರಲಿಲ್ಲ. ಅವರು ಉಳಿದದ್ದಕ್ಕೆ ನನಗೆ ಸಂತೋಷವೇ. ಆದರೆ ಇತಿಹಾಸ ಯಾರನ್ನು ‘ಮೊದಲಿಗರು’ ಅಂತ ನೆನಪಿಟ್ಟುಕೊಂಡಿತು ಅನ್ನುವುದರಲ್ಲಿ ಇದರ ಪಾಲು ದೊಡ್ಡದು.

ಇನ್ನು ಪರದೆಯ ಮೇಲೆ ಬಂದ ಕತೆ. ಎಲ್ಲರೂ ನೆನೆಯುವ ಚಾಕೊಲೇಟ್ ಕಾರ್ಖಾನೆಯ ಕಂತನ್ನೇ ತೆಗೆದುಕೊಳ್ಳಿ. ಲೂಸಿ ಮತ್ತು ಎಥೆಲ್ ಕೆಲಸಕ್ಕೆ ಸೇರುತ್ತಾರೆ. ಬೆಲ್ಟಿನ ಮೇಲೆ ಸಾಲಾಗಿ ಬರುವ ಚಾಕೊಲೇಟಿಗೆ ಕಾಗದ ಸುತ್ತಬೇಕು, ಒಂದು ತಪ್ಪಿದರೂ ಕೆಲಸ ಹೋಯಿತು. ಬೆಲ್ಟಿನ ವೇಗ ಏರುತ್ತದೆ. ಬಾಯಿಗೆ, ರವಿಕೆಗೆ, ಟೋಪಿಗೆ ತುರುಕುತ್ತಾರೆ. ಮೇಲ್ವಿಚಾರಕಿ ಬಂದು, ಎಲ್ಲ ಸರಿಯಾಗಿದೆ ಅಂದುಕೊಂಡು, ಇನ್ನೂ ಜೋರಾಗಿ ಓಡಿಸಿ ಅನ್ನುತ್ತಾಳೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತದೆ, ನಿಜ. ಆದರೆ ಕತೆ ಎಲ್ಲಿಗೆ ಮುಟ್ಟುತ್ತದೆ? ಆ ಹೊತ್ತಿಗೆ ಗಂಡಸರು ಮನೆಯಲ್ಲಿ ಅಡುಗೆ ಮಾಡಲು ಹೋಗಿ ಅನ್ನ ಉಕ್ಕಿಸಿ ಅಡುಗೆಮನೆಯನ್ನೆಲ್ಲ ಹಾಳು ಮಾಡಿದ್ದಾರೆ. ಕೊನೆಗೆ ನಾಲ್ವರೂ ಒಪ್ಪುತ್ತಾರೆ: ಗಂಡಸರು ದುಡಿಯಲಿ, ಹೆಂಗಸರು ಮನೆ ನೋಡಿಕೊಳ್ಳಲಿ. ಗಂಡಂದಿರು ಹೆಂಡಿರಿಗೆ ಉಡುಗೊರೆ ಕೊಡುತ್ತಾರೆ, ಒಂದೊಂದು ದೊಡ್ಡ ಡಬ್ಬ ಚಾಕೊಲೇಟು. ಮುಂದಿನ ವಾರ ಲೂಸಿ ಮತ್ತೆ ಹೊರಡುತ್ತಾಳೆ ಅನ್ನುವುದು ಸಮಾಧಾನವಲ್ಲ. ಮತ್ತೆ ಹೊರಟರೂ ಮತ್ತೆ ಇಲ್ಲಿಗೇ ಬರುತ್ತಾಳೆ ಅಂತ ನೋಡುವವರಿಗೆ ಗೊತ್ತಿತ್ತು. ಆ ಭರವಸೆ ಇದ್ದದ್ದಕ್ಕೇ ನಿರಾಳವಾಗಿ ನಕ್ಕರು.

ಕೆಲವು ಕಂತುಗಳಲ್ಲಿ ರಿಕಿ ಲೂಸಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮಕ್ಕಳಿಗೆ ಹೊಡೆಯುವ ಹಾಗೆ ಹೊಡೆಯುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆ ಕಾಲವೇ ಹಾಗಿತ್ತು ಅನ್ನಬಹುದು. ಕಾಲದ ಜೊತೆಗೇ ನಡೆದವರು ದಾರಿ ತೆರೆದರು ಅಂತಲೂ ಹೇಗೆ ಅನ್ನುವುದು? ಆ ನಗು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ.

ಒಡೆತನದ ಮಾತಿಗೆ ಬಂದರೆ, 1962ರವರೆಗೆ ಡೆಸಿಲು ಅಧ್ಯಕ್ಷರಾಗಿದ್ದವರು ಡೆಸಿ. ಫಿಲ್ಮಿನಲ್ಲಿ ಚಿತ್ರೀಕರಿಸುವ ವ್ಯವಹಾರ ಕುದುರಿಸಿದ್ದರಲ್ಲಿ ಅವರದೇ ಮುಂದಾಳತ್ವ. ಮೂರು ಕ್ಯಾಮೆರಾಕ್ಕೂ ಒಟ್ಟಿಗೆ ಒಗ್ಗುವ ಬೆಳಕು ಹೊಂದಿಸಿದವರು ಕಾರ್ಲ್ ಫ್ರಾಯಿಂಡ್, ಜರ್ಮನಿಯಿಂದ ಬಂದ ಛಾಯಾಗ್ರಾಹಕ. ಎಲ್ಲವನ್ನೂ ಲೂಸಿಲ್ ಅವರ ಖಾತೆಗೆ ಬರೆಯುವುದು ಆ ಇಬ್ಬರಿಗೂ ನ್ಯಾಯವಲ್ಲ.

ಮುಖ್ಯವಾದದ್ದು ಅಧ್ಯಕ್ಷರಾದ ಮೇಲಿನ ಕಾಲ. 1962ರಲ್ಲಿ ‘ದಿ ಲೂಸಿ ಶೋ’ ಬಂತು. ಈ ಲೂಸಿ ವಿಧವೆ, ಅವಳ ಗೆಳತಿ ವಿವಿಯನ್ ವಿಚ್ಛೇದಿತೆ, ಇಬ್ಬರೂ ಮಕ್ಕಳನ್ನಿಟ್ಟುಕೊಂಡು ಒಂದೇ ಮನೆಯಲ್ಲಿದ್ದಾರೆ. ಆಗಿನ ಟಿವಿಗೆ ಇದು ಹೊಸದು, ಒಪ್ಪುತ್ತೇನೆ. ಹೇಳಿಕೇಳಿ ಗಂಡನಿಲ್ಲದ ಮನೆ, ಇನ್ನಾದರೂ ಅವಳ ದುಡ್ಡು ಅವಳ ಕೈಯಲ್ಲಿರಬೇಕಲ್ವಾ? ಇಲ್ಲ. ಅದು ಬ್ಯಾಂಕಿನವರ ಕೈಯಲ್ಲಿದೆ. 1963ರಿಂದ ಗೇಲ್ ಗಾರ್ಡನ್ ಬ್ಯಾಂಕರ್ ಮೂನಿಯಾಗಿ ಬಂದು ಕಂತುಕಂತಿಗೂ ಅವಳನ್ನು ಗದರಿಸುತ್ತಾರೆ. ಮುಂದೆ ಲೂಸಿ ಬ್ಯಾಂಕಿನಲ್ಲಿ ಅವರ ಕೈಕೆಳಗೆ ಕೆಲಸಕ್ಕೂ ಸೇರುತ್ತಾಳೆ. 1968ರಲ್ಲಿ ‘ಹಿಯರ್ಸ್ ಲೂಸಿ’ ಶುರುವಾದಾಗ ಮತ್ತೆ ಅದೇ ಗೇಲ್ ಗಾರ್ಡನ್, ಈ ಸಲ ಗಂಡನ ಸಹೋದರ ಮತ್ತು ಮಾಲೀಕ, ಮತ್ತೆ ಅದೇ ಗದರಿಕೆ. 1974ರವರೆಗೆ ಹೀಗೇ ನಡೆಯಿತು.

ಬೆಳಿಗ್ಗೆ ಸ್ಟುಡಿಯೋದ ಲೆಕ್ಕಪತ್ರ ನೋಡಿ, ಯಾವ ಧಾರಾವಾಹಿ ಮಾಡಬೇಕು, ಯಾವುದು ಬೇಡ ಅಂತ ತೀರ್ಮಾನಿಸುತ್ತಿದ್ದ ಹೆಂಗಸು, ಸಂಜೆ ಪರದೆಯ ಮೇಲೆ ಒಂದು ಚೆಕ್‌ಗಾಗಿ ಬ್ಯಾಂಕರ್ ಮುಂದೆ ಗೋಗರೆಯುತ್ತಿದ್ದರು. ಅವರಿಗೆ ವಯಸ್ಸು ಐವತ್ತು ದಾಟಿತ್ತು, ಅನುಭವ ಇತ್ತು, ಅವರು ಏನು ಕೇಳಿದರೂ ವಾಹಿನಿ ಇಲ್ಲ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಸ್ಟುಡಿಯೋ ನಡೆಸುವ ಹೆಂಗಸಿನ ಪೇಚಾಟಗಳಲ್ಲಿ ಎಷ್ಟು ಹಾಸ್ಯ ಇರಲಿಲ್ಲ! ಮಂಡಳಿಯ ಸಭೆ, ಹಠಮಾರಿ ಪ್ರಾಯೋಜಕರು, ಏರುತ್ತಲೇ ಹೋಗುವ ಖರ್ಚು. ಅಂಥ ಒಬ್ಬ ಲೂಸಿಯನ್ನು ಬರೆಸಿ ತಾವೇ ಆಡಬಹುದಿತ್ತು. ಬರೆಸಲಿಲ್ಲ.