ಹೆವಿವೇಟ್‌ನಲ್ಲಿ ಕಾಲು ಬದಲಿಸುವುದೆಂದರೆ

ದೈತ್ಯ ದೇಹದ ಹೆವಿವೇಟ್ ಬಾಕ್ಸರ್ ಒಬ್ಬ ಪಂದ್ಯದ ನಡುವೆ ಬಲಗಾಲನ್ನು ಮುಂದಿಟ್ಟು ಸೌತ್‌ಪಾ ನಿಲುವಿಗೆ ಹೊರಳಿದರೆ ಸಾಕು, ಟಿವಿಯ ವಿವರಣೆಕಾರರಿಗೆ ಮೈಯೆಲ್ಲ ಪುಳಕ. ‘ನೋಡಿ, ಎಷ್ಟು ಚಾಣಾಕ್ಷ’ ಎಂದು ಹೊಗಳಿಕೆ ಶುರುವಾಗುತ್ತದೆ. ಹೊರಳಿದ ಮೇಲೆ ಅವನು ಏನು ಮಾಡಿದ ಎಂದು ಕೇಳುವವರೇ ಇಲ್ಲ. ಬಹಳಷ್ಟು ಸಲ ಅವನು ಏನೂ ಮಾಡಿರುವುದಿಲ್ಲ. ಹತ್ತು ಸೆಕೆಂಡು ಹಾಗೇ ನಿಂತು, ಒಂದೆರಡು ಗುದ್ದುಗಳನ್ನು ಗಾಳಿಗೆ ಬಿಟ್ಟು, ಮತ್ತೆ ಹಳೆಯ ನಿಲುವಿಗೆ ಮರಳಿರುತ್ತಾನೆ. ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದಕ್ಕೂ ನಾವು ಚಪ್ಪಾಳೆ ತಟ್ಟಬೇಕೇ?

ಸೌತ್‌ಪಾಗೆ ಬದಲಾಗುವ ತಂತ್ರ ನನಗೆ ಬಹಳ ಇಷ್ಟ. ಆದರೆ ಅದನ್ನು ಮೆಚ್ಚುವವರಲ್ಲಿ ಹೆಚ್ಚಿನವರು ತಪ್ಪು ಕಾರಣಕ್ಕೆ ಮೆಚ್ಚುತ್ತಿದ್ದಾರೆ. ಅವರ ಕಣ್ಣು ಹಿಂದೆ ಸರಿದ ಎಡಗೈಯ ಮೇಲೆ, ಅದರಿಂದ ಬರಲಿರುವ ಸಿಡಿಲಿನಂಥ ಏಟಿನ ಮೇಲೆ. ಹೆವಿವೇಟ್‌ನಲ್ಲಿ ಈ ಬದಲಾವಣೆಯ ನಿಜವಾದ ಲಾಭ ಇರುವುದು ಮುಂದೆ ಬಂದ ಬಲಗೈಯಲ್ಲಿ. ಎದುರಾಳಿಯ ಜಾಬ್ ಅನ್ನು, ಅಂದರೆ ಮುಂದಿಟ್ಟ ಕೈಯಿಂದ ಬಿಡುವ ಚುರುಕಾದ ನೇರ ಗುದ್ದನ್ನು, ಕಟ್ಟಿಹಾಕುವುದು ಆ ಕೈ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಆರ್ಥಡಾಕ್ಸ್ ನಿಲುವಿನ ಇಬ್ಬರು ಎದುರುಬದುರು ನಿಂತಾಗ ಇಬ್ಬರ ಎಡಗಾಲೂ ಮುಂದೆ, ಎಡಗೈಯೂ ಮುಂದೆ. ಒಬ್ಬನ ಜಾಬ್ ಇನ್ನೊಬ್ಬನ ಮುಂಗೈಯ, ಅಂದರೆ ಮುಂದಿಟ್ಟ ಕೈಯ, ಪಕ್ಕದಲ್ಲಿ ನುಸುಳಿಹೋಗಲು ದಾರಿ ಇರುತ್ತದೆ. ಅವರಲ್ಲೊಬ್ಬ ಬಲಗಾಲು ಮುಂದಿಟ್ಟನೋ, ಇಬ್ಬರ ಮುಂಗೈಗಳು ನೇರಾನೇರ ಒಂದೇ ಗೆರೆಯ ಮೇಲೆ ಬಂದು ನಿಲ್ಲುತ್ತವೆ. ಆಗ ಆರ್ಥಡಾಕ್ಸ್‌ನವನು ಜಾಬ್ ಎಸೆಯಲು ಹೋದಾಗಲೆಲ್ಲ ಎದುರಿಗೆ ಒಂದು ಗ್ಲೌಸ್ ಅಡ್ಡ. ಅದು ಅವನ ಮಣಿಕಟ್ಟನ್ನು ತಟ್ಟುತ್ತದೆ, ಕೆಳಕ್ಕೊತ್ತುತ್ತದೆ, ಕೆಲವೊಮ್ಮೆ ಕಣ್ಣೆದುರೇ ಸುಮ್ಮನೆ ಅಲ್ಲಾಡುತ್ತ ನೋಟವನ್ನು ಮುಚ್ಚುತ್ತದೆ. ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಅವನ ಎಡ ಹುಕ್‌ಗೂ ಎದುರಾಳಿಯ ಬಲಭುಜ ಅಡ್ಡ ಬರುತ್ತದೆ. ಕಾಲುಗಳದ್ದು ಇನ್ನೊಂದು ಪಾಡು. ಇಬ್ಬರ ಮುಂಗಾಲುಗಳೂ ಒಂದೇ ಜಾಗಕ್ಕೆ ಹೋರಾಡುತ್ತ ತುಳಿದಾಡುತ್ತವೆ. ಯಾರ ಪಾದ ಇನ್ನೊಬ್ಬನ ಪಾದದ ಹೊರಗಡೆ ಇರುತ್ತದೋ ಅವನ ಹಿಂದಿನ ಕೈಗೆ ಗದ್ದದವರೆಗೆ ಹಾದಿ ಸಲೀಸು. ತಲೆಗೆ ತಲೆ ಢಿಕ್ಕಿ ಹೊಡೆಯುವುದೂ ಈ ಜೋಡಿಯಲ್ಲೇ ಹೆಚ್ಚು, ಪಾಪ ರೆಫರಿಗೆ ಅದೊಂದು ತಲೆನೋವು.

ಈ ಲೆಕ್ಕಾಚಾರ ಎಲ್ಲ ತೂಕದವರಿಗೂ ಒಂದೇ. ಹೆವಿವೇಟ್‌ನಲ್ಲಿ ಬೇರೆಯಾಗುವುದು ಬದಲಾಯಿಸುವ ಆ ಕ್ಷಣದ ಬೆಲೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 200 ಪೌಂಡ್, ಅಂದರೆ ಸುಮಾರು 90.7 ಕಿಲೋ ದಾಟಿದವರೆಲ್ಲ ಹೆವಿವೇಟ್, ಮೇಲ್ಮಿತಿ ಇಲ್ಲ. ನೂರಿಪ್ಪತ್ತು ಕಿಲೋ ಮೈಯನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವಾಗ ಅರೆಗಳಿಗೆ ಎರಡೂ ಪಾದಗಳು ಒಂದೇ ಸಾಲಿನಲ್ಲಿರುತ್ತವೆ. ಎದೆ ಪೂರ್ತಿ ತೆರೆದುಕೊಳ್ಳುತ್ತದೆ, ಹಿಂದೆ ಊರಲು ಕಾಲಿರುವುದಿಲ್ಲ. ಹಗುರ ತೂಕದವರು ಆ ಅರೆಗಳಿಗೆಯಲ್ಲಿ ಪೆಟ್ಟು ತಿಂದರೂ ಸಾಮಾನ್ಯವಾಗಿ ಸಾವರಿಸಿಕೊಳ್ಳುತ್ತಾರೆ. ಹೆವಿವೇಟ್‌ನಲ್ಲಿ ಅದೇ ಪೆಟ್ಟಿಗೆ ಪಂದ್ಯವೇ ಮುಗಿದುಹೋಗಬಹುದು. ಆದ್ದರಿಂದಲೇ ಬಲ್ಲವರು ಎರಡೇ ಸಂದರ್ಭದಲ್ಲಿ ಕಾಲು ಬದಲಿಸುತ್ತಾರೆ. ಒಂದು, ಎದುರಾಳಿಯ ಕೈಗೆಟುಕದಷ್ಟು ದೂರ ಸರಿದ ಮೇಲೆ. ಇನ್ನೊಂದು, ಬಲಗೈ ಗುದ್ದಿನ ಜೊತೆಗೇ ಬಲಗಾಲನ್ನೂ ಮುಂದಕ್ಕೆ ಹಾಕುತ್ತ. ಆಗ ಎದುರಿನವನು ಏಟನ್ನು ತಡೆಯುವುದರಲ್ಲಿ ಮುಳುಗಿರುತ್ತಾನೆ, ಕಾಲು ಬದಲಾದದ್ದು ಅವನ ಗಮನಕ್ಕೆ ಬರುವಷ್ಟರಲ್ಲಿ ಇನ್ನೊಂದು ಏಟು ಹೊಸ ಕೋನದಿಂದ ಹೊರಟಿರುತ್ತದೆ.

ಬ್ರಿಟನ್ನಿನ ಹೆವಿವೇಟ್ ಟೈಸನ್ ಫ್ಯೂರಿ ಮನುಷ್ಯನಾಗಿ ನಿಮಗೆ ಇಷ್ಟವಾಗಲಿ ಬಿಡಲಿ, ಅವನ ಬಾಯಿಬಡಾಯಿ ನನಗೂ ಹಿಡಿಸುವುದಿಲ್ಲ. ಆದರೆ ಈ ವಿದ್ಯೆಯಲ್ಲಿ ಅವನನ್ನು ಬಿಟ್ಟು ಮಾತಾಡುವಂತಿಲ್ಲ. 2014ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಡೆರೆಕ್ ಚಿಸೋರಾ ಜೊತೆ ನಡೆದ ಎರಡನೇ ಪಂದ್ಯವನ್ನು ಅವನು ಬಹುಪಾಲು ಸೌತ್‌ಪಾ ಆಗಿಯೇ ಆಡಿದ. ಪಂದ್ಯ ನೀರಸ ಎಂದು ಬೈದವರೇ ಹೆಚ್ಚು. ಮುನ್ನುಗ್ಗಿ ಒಳಗೆ ಸೇರಿಕೊಂಡು ಹೊಡೆಯುವುದೇ ಚಿಸೋರಾನ ಜೀವಾಳ. ಆರಡಿ ಒಂಬತ್ತಂಗುಲದ ಫ್ಯೂರಿ ತನ್ನ ಬಲಗೈಯನ್ನು ಉದ್ದಕ್ಕೆ ಚಾಚಿ ಅವನ ಹಣೆಗೆ ಒಡ್ಡಿದ, ಹೆಜ್ಜೆ ಮುಂದಿಟ್ಟಾಗಲೆಲ್ಲ ತಡೆದ, ಎಡಗೈಯನ್ನು ಬೇಕಾದಾಗ ಮಾತ್ರ ಬಳಸಿದ. ಹತ್ತನೇ ಸುತ್ತು ಮುಗಿದಾಗ ಚಿಸೋರಾನ ಕಡೆಯವರೇ ಅವನನ್ನು ಸ್ಟೂಲಿನಿಂದ ಏಳಲು ಬಿಡದೆ ಸೋಲೊಪ್ಪಿಕೊಂಡರು. ರಕ್ತ ಬಿಸಿಯೇರಿಸುವ ಆಟವಲ್ಲ, ನಿಜ. ಆದರೆ ಮುಂಗೈಯ ಕೆಲಸ ಏನೆಂದು ಕಲಿಯಬೇಕಾದವರು ನೋಡಬೇಕಾದದ್ದು ಅದೇ ಪಂದ್ಯವನ್ನು.

ಮಾರನೇ ವರ್ಷ ಡ್ಯುಸೆಲ್ಡಾರ್ಫ್‌ನಲ್ಲಿ ಎದುರಿಗಿದ್ದವನು ವ್ಲಾಡಿಮಿರ್ ಕ್ಲಿಚ್ಕೊ. ಹನ್ನೊಂದು ವರ್ಷ ಸೋಲನ್ನೇ ಕಾಣದವನು. ಅವನ ಬಾಕ್ಸಿಂಗ್ ಒಂದು ಕಟ್ಟುನಿಟ್ಟಾದ ಕ್ರಮ: ಎಡಗೈಯಿಂದ ದೂರ ಅಳೆಯುವುದು, ಜಾಬ್‌ನಿಂದ ಎದುರಾಳಿಯನ್ನು ಅಲ್ಲೇ ನಿಲ್ಲಿಸುವುದು, ಅಳತೆ ಸರಿಯಾದ ಮೇಲೆ ಬಲಗೈ ಬಿಡುವುದು. ಫ್ಯೂರಿ ಆ ಅಳತೆಯನ್ನೇ ಕೆಡಿಸಿದ. ಒಮ್ಮೆ ಆರ್ಥಡಾಕ್ಸ್, ಒಮ್ಮೆ ಸೌತ್‌ಪಾ, ಒಮ್ಮೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಣಕ. ಕ್ಲಿಚ್ಕೊ ದೂರವನ್ನು ಅಂದಾಜಿಸಿ ಮುಗಿಸುವಷ್ಟರಲ್ಲಿ ಆ ದೂರ ಬೇರೆಯದೇ ಆಗಿರುತ್ತಿತ್ತು. ಹನ್ನೆರಡು ಸುತ್ತುಗಳಲ್ಲಿ ಏಟುಗಳ ಲೆಕ್ಕವಿಡುವ ಕಾಂಪುಬಾಕ್ಸ್ ಸಂಸ್ಥೆ ಎಣಿಸಿದ ಪ್ರಕಾರ ಕ್ಲಿಚ್ಕೊನ ಐವತ್ತೆರಡು ಏಟುಗಳಷ್ಟೇ ತಾಗಿದವು. ಅಷ್ಟು ದೊಡ್ಡ ಚಾಂಪಿಯನ್ ಸುತ್ತಿನ ಮೇಲೆ ಸುತ್ತು ಗುದ್ದನ್ನು ಬಿಡಲಾರದೆ ಒದ್ದಾಡಿದ್ದನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಗಮನಿಸಿ, ಅಂದು ಫ್ಯೂರಿ ಎಡಗೈಯಿಂದ ಅವನನ್ನು ಉರುಳಿಸಲಿಲ್ಲ. ಉರುಳಿಸಲು ಪ್ರಯತ್ನಿಸಿದ್ದೂ ಕಡಿಮೆ. ತೀರ್ಪುಗಾರರು 115-112, 115-112, 116-111 ಎಂದು ಕೊಟ್ಟ ಗೆಲುವು ಅದು.

ಇದನ್ನೆಲ್ಲ ನೋಡಿ ‘ಹಾಗಾದರೆ ಎಲ್ಲರೂ ಬದಲಿಸಲಿ’ ಎನ್ನುವವರಿಗೆ ನಾನು ತೋರಿಸುವುದು 2024ರ ಮಾರ್ಚ್ 8ರ ರಿಯಾದ್ ಪಂದ್ಯವನ್ನು. ಮಿಶ್ರ ಸಮರಕಲೆಯಿಂದ (ಎಂಎಂಎ) ಬಾಕ್ಸಿಂಗ್‌ಗೆ ಬಂದ ಫ್ರಾನ್ಸಿಸ್ ಎನ್‌ಗಾನು ಅದಕ್ಕೆ ಕೆಲವೇ ತಿಂಗಳ ಹಿಂದೆ ತನ್ನ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯದಲ್ಲಿ ಇದೇ ಫ್ಯೂರಿಯನ್ನು ನೆಲಕ್ಕೆ ಕೆಡವಿ, ಕೂದಲೆಳೆಯಲ್ಲಿ ಸೋತು, ಎಲ್ಲರನ್ನೂ ದಂಗುಬಡಿಸಿದ್ದ. ಆಂಥೊನಿ ಜೋಶುವಾ ಎದುರೂ ಮೊದಲ ಸುತ್ತಿನಲ್ಲೇ ಸೌತ್‌ಪಾಗೆ ಹೊರಳಿದ. ಜೋಶುವಾನ ಒಂದು ನೇರ ಬಲಗೈ ಗುದ್ದಿಗೆ ಕೆಳಗುರುಳಿದ. ಎರಡನೇ ಸುತ್ತಿನಲ್ಲಿ ಕಥೆ ಮುಗಿಯಿತು. ಸೌತ್‌ಪಾ ಎದುರು ಆರ್ಥಡಾಕ್ಸ್‌ನವನ ಮೊದಲ ಅಸ್ತ್ರವೇ ನೇರ ಬಲಗೈ ಎಂಬುದು ಬಾಕ್ಸಿಂಗ್ ಶಾಲೆಯ ಅ ಆ ಇ ಈ. ಎದುರಿಗೆ ಬಲಗೈಯೇ ಬಂಡವಾಳವಾದವನು ನಿಂತಿರುವಾಗ ಅವನ ಬಲಗೈಗೆ ರಾಜಮಾರ್ಗ ತೆರೆದುಕೊಡುವುದಕ್ಕೆ ತಂತ್ರವೆಂದು ಹೇಗೆ ಹೆಸರಿಡುವುದು? ಮುಂಗೈಯಿಂದ ಅವನನ್ನು ಕಾಡುವ ಸಾಮರ್ಥ್ಯ ಇಲ್ಲದಿದ್ದರೆ ಈ ನಿಲುವು ಹೆವಿವೇಟ್‌ಗೆ ಆತ್ಮಹತ್ಯೆಗೆ ಸಮ.

ಹುಟ್ಟಾ ಸೌತ್‌ಪಾ ಆದವರಿಗೂ ಈ ಬಲಗೈಯ ಕಾಟ ತಪ್ಪಿದ್ದಲ್ಲ. 1892ರಲ್ಲಿ ಜೇಮ್ಸ್ ಕಾರ್ಬೆಟ್ ಜಾನ್ ಸಲಿವನ್‌ನನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದಂದಿನಿಂದ ಲೆಕ್ಕ ಹಾಕಿದರೂ, ಮೊದಲ ಸೌತ್‌ಪಾ ಹೆವಿವೇಟ್ ಚಾಂಪಿಯನ್ ಬರಲು ನೂರು ವರ್ಷ ಮೀರಿತು: 1994ರ ಏಪ್ರಿಲ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್‌ನನ್ನು ಮಣಿಸಿದ ಮೈಕೆಲ್ ಮೂರರ್. ಅದೇ ವರ್ಷ ನವೆಂಬರ್‌ನಲ್ಲಿ ನಲವತ್ತೈದು ವರ್ಷದ ಜಾರ್ಜ್ ಫೋರ್‌ಮನ್ ಎದುರು ಒಂಬತ್ತು ಸುತ್ತು ಆರಾಮಾಗಿ ಅಂಕ ಕಲೆಹಾಕಿದ. ಹತ್ತನೆಯದರಲ್ಲಿ ಮುದುಕನ ಮೊಟಕಾದ ಒಂದು ಬಲಗೈ ಗದ್ದಕ್ಕೆ ತಾಗಿ ಅಂಗಾತ ಬಿದ್ದ. ಜೀವಮಾನವಿಡೀ ಆ ನಿಲುವಿನಲ್ಲಿ ನಿಂತವನಿಗೇ ಹೀಗಾದರೆ, ಮೂರು ತಿಂಗಳ ತರಬೇತಿಯಲ್ಲಿ ಅದನ್ನು ಕಲಿತು ಬಂದವನ ಪಾಡೇನು?

ಉಸಿಕ್ ಬಂದ ಮೇಲೆ ಈ ಹುಚ್ಚು ಇನ್ನಷ್ಟು ಏರಿದೆ. ಒಲೆಕ್ಸಾಂಡರ್ ಉಸಿಕ್ ಸೌತ್‌ಪಾ. ಜೋಶುವಾನನ್ನು ಎರಡು ಸಲ, ಫ್ಯೂರಿಯನ್ನು 2024ರಲ್ಲಿ ಎರಡು ಸಲ ಸೋಲಿಸಿದ. ಆದ್ದರಿಂದ ಸೌತ್‌ಪಾ ಆಗುವುದೇ ಗೆಲುವಿನ ಗುಟ್ಟು ಎಂಬ ವಾದ. ಉಸಿಕ್‌ನ ಯಾವುದಾದರೂ ಪಂದ್ಯವನ್ನು ಸದ್ದು ಆರಿಸಿ ಅವನ ಬಲಗೈ ಮತ್ತು ಬಲಪಾದವನ್ನು ಮಾತ್ರ ನೋಡಿ. ಬಲಗೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ತಟ್ಟುತ್ತದೆ, ಕೆಣಕುತ್ತದೆ, ಹುಸಿ ಏಟು ತೋರಿಸಿ ಹಿಂದೆ ಸರಿಯುತ್ತದೆ. ಪಾದ ಎದುರಾಳಿಯ ಪಾದದ ಹೊರಗೆ, ಮತ್ತೆ ಒಳಗೆ, ಮತ್ತೆ ಹೊರಗೆ. ಫ್ಯೂರಿಯನ್ನು ಮೊದಲ ಪಂದ್ಯದ ಒಂಬತ್ತನೇ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ತೂರಾಡಿಸಿದ ಆ ಎಡಗೈಗಳನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅವಕ್ಕೆ ಎಂಟು ಸುತ್ತು ದಾರಿ ಮಾಡಿಕೊಟ್ಟ ಬಲಗೈಗೆ ಮಾತ್ರ ಯಾರೂ ಹಾರ ಹಾಕಲಿಲ್ಲ. ಇನ್ನೊಂದು ಸಂಗತಿ: ಉಸಿಕ್‌ನಂಥ ಸೌತ್‌ಪಾ ಎದುರು ನೀವೂ ಸೌತ್‌ಪಾ ಆದರೆ ನಿಲುವುಗಳು ಮತ್ತೆ ಒಂದೇ ಆಗುತ್ತವೆ. ಅಡ್ಡ ಬರುತ್ತಿದ್ದ ಮುಂಗೈಯ ಲಾಭ ಅಲ್ಲಿಗೆ ಮುಗಿಯಿತು. ಅವನು ಮನೆಯಲ್ಲಿದ್ದಾನೆ, ನೀವು ನೆಂಟರು.

ಹಾಗೆಂದು ಎಡಗೈಯ ಬಲ ಸುಳ್ಳೆಂದು ನಾನು ಹೇಳುತ್ತಿಲ್ಲ. 2023ರ ಏಪ್ರಿಲ್‌ನಲ್ಲಿ ಜಾಂಗ್ ಜಿಲೈ ತನ್ನ ನೇರ ಎಡಗೈಯನ್ನು ಜೋ ಜಾಯ್ಸ್‌ನ ಬಲಗಣ್ಣಿಗೆ ಎಷ್ಟು ಸಲ ಇಳಿಸಿದನೆಂದರೆ, ಆರನೇ ಸುತ್ತಿಗೆ ಆ ಕಣ್ಣು ಪೂರ್ತಿ ಮುಚ್ಚಿ ಪಂದ್ಯ ನಿಲ್ಲಿಸಬೇಕಾಯಿತು. ಲಿವರ್ ಇರುವುದು ದೇಹದ ಬಲಗಡೆ. ಸೌತ್‌ಪಾನ ಎಡಗೈ ನೇರವಾಗಿ ಆ ಬದಿಗೇ ಗುರಿಯಿಟ್ಟಿರುತ್ತದೆ. ಆದರೆ ಜಾಂಗ್ ಸೌತ್‌ಪಾ ನಿಲುವಿನಲ್ಲೇ ಬೆಳೆದವನು, ಅವನ ಹಿಂಗಾಲು ಆ ಗುದ್ದನ್ನು ಹೊರಲು ಪಳಗಿದೆ. ಬಲಗೈಯವನು ನಿಲುವು ಬದಲಿಸಿದಾಗ ಅವನ ಎಡಗೈಯ ಹಿಂದೆ ಸೊಂಟದ ತಿರುವು ಅಷ್ಟು ಸಲೀಸಾಗಿ ಕೂಡಿಬರುವುದಿಲ್ಲ, ಗುದ್ದು ಭುಜದಿಂದಷ್ಟೇ ಹೊರಡುತ್ತದೆ. ಸಾಲದ್ದಕ್ಕೆ ಅವನ ಸ್ವಂತ ಲಿವರ್ ಎದುರಾಳಿಯ ಎಡ ಹುಕ್‌ಗೆ ಇನ್ನೂ ಹತ್ತಿರ ಬಂದಿರುತ್ತದೆ.

ತೂಕ ಬೇರೆಯಾದರೂ ಮಾರ್ವಿನ್ ಹ್ಯಾಗ್ಲರ್‌ನ ಹೆಸರು ಎತ್ತದಿರಲಾರೆ. ಮಿಡಲ್‌ವೇಟ್‌ನ ಆ ಮಹಾ ಸೌತ್‌ಪಾ 1987ರಲ್ಲಿ ಶುಗರ್ ರೇ ಲೆನಾರ್ಡ್ ಎದುರು ಆರಂಭದ ಸುತ್ತುಗಳನ್ನು ಆರ್ಥಡಾಕ್ಸ್ ಆಗಿ ಆಡಿ ಕೈಯಾರೆ ಬಿಟ್ಟುಕೊಟ್ಟ, ಕೊನೆಗೆ ತೀರ್ಪುಗಾರರ ಒಡಕು ತೀರ್ಪಿನಲ್ಲಿ ಪಟ್ಟ ಕಳೆದುಕೊಂಡ. ಯಾರು ಗೆದ್ದರೆಂಬ ಜಗಳ ಇಂದಿಗೂ ನಿಂತಿಲ್ಲ. ಮೊದಲ ಸುತ್ತುಗಳು ಯಾಕೆ ಹೋದವು ಎಂಬುದರಲ್ಲಿ ಮಾತ್ರ ಜಗಳಕ್ಕೆ ಜಾಗವಿಲ್ಲ.

ಎಂಟು, ಒಂಬತ್ತನೇ ಸುತ್ತಿನಲ್ಲಿ ಉಸಿರು ಕಟ್ಟಿದ ಹೆವಿವೇಟ್‌ಗಳು ಮಾಡುವ ಬದಲಾವಣೆಯಂತೂ ಬೇರೆಯೇ ಜಾತಿಯದ್ದು. ಎಡಭುಜ ಸೋತಿದೆ, ಕೈ ಏಳುತ್ತಿಲ್ಲ, ಆದ್ದರಿಂದ ಇನ್ನೊಂದು ಕೈ ಮುಂದೆ. ಬದುಕಿ ಉಳಿಯಲು ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ನೂರಹತ್ತು ಕಿಲೋ ಹೊತ್ತು ಅರ್ಧ ಗಂಟೆ ಹೊಡೆದಾಡಿದವನ ಕಷ್ಟ ಸೋಫಾದಲ್ಲಿ ಕೂತ ನನಗೇನು ಗೊತ್ತು. ವಿವರಣೆಕಾರರು ಅದನ್ನೂ ಚಾಣಾಕ್ಷತನವೆಂದು ಮಾರುವುದಕ್ಕಷ್ಟೇ ನನ್ನ ವಿರೋಧ. ನಿಲುವಿಗೆ ಅಂಕ ಇಲ್ಲ. ಮುಂದಿಟ್ಟ ಕೈ ಆ ಮೂರು ನಿಮಿಷದಲ್ಲಿ ಎಷ್ಟು ಸಲ ಎದುರಾಳಿಯನ್ನು ತಡೆಯಿತು, ಎಷ್ಟು ಸಲ ಮುಟ್ಟಿತು ಎಂದು ಅವರು ಒಮ್ಮೆಯಾದರೂ ಎಣಿಸಿ ಹೇಳಲಿ. ಸೊನ್ನೆ ಬಂದರೆ ಸೊನ್ನೆ ಎನ್ನಲಿ.